ಸಿಂಕ್ ಕಡೆಯಿಂದ ಕಂಡ ಲ್ಯಾಪ್ರೋಸ್ಕೋಪಿ

ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್. ಲ್ಯಾಪ್ರೋಸ್ಕೋಪಿ ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ, ಕ್ಯಾಮೆರಾದಲ್ಲಿ ಒಳಗೆ ನೋಡುತ್ತಾ ಮಾಡುವ ಆಪರೇಷನ್. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ಹರ್ನಿಯಾ, ಹೆಚ್ಚಾಗಿ ಬರುವ ಲ್ಯಾಪ್ ಕೇಸ್‌ಗಳು ಇವೇ. ಜಗಳೂರು, ಹರಪನಹಳ್ಳಿ ಕಡೆಯವರು ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಕೇಳ್ತಾರೆ: "ಕೊಯ್ಯಂಗಿಲ್ಲ ಅಲ್ರೀ? ಬರೇ ತೂತು ಹಾಕ್ತೀರಂತಲ್ರೀ?" ಹೌದು, 10 ಮಿ.ಮೀ., 5 ಮಿ.ಮೀ. ತೂತುಗಳು. ಅವುಗಳಲ್ಲಿ ಹೋಗಿಬರುವ ಸಾಮಾನನ್ನು ಸುಸ್ಥಿತಿಯಲ್ಲಿ ಇಡೋದು ನನ್ನ ಪಾಲಿನ ಕೆಲಸ.

ಹೊಸ ಹುಡುಗರು ಚಿತ್ರ ಮಂಕಾದ ತಕ್ಷಣ ಕ್ಯಾಮೆರಾ ಹೋಯ್ತು ಅಂತಾರೆ. ನಾನು ಮೊದಲು ಹಿಡಿಯೋದು ಹೊಟ್ಟೆಯೊಳಗೆ ಬೆಳಕು ಒಯ್ಯುವ, ಗಾಜಿನ ಎಳೆಗಳ ಲೈಟ್ ಕೇಬಲ್ಲನ್ನ. ಒಂದು ತುದಿಯನ್ನು ಟ್ಯೂಬ್‌ಲೈಟಿಗೆ ತೋರಿಸಿ ಇನ್ನೊಂದು ತುದಿ ನೋಡಿದರೆ, ಒಳಗೆ ಮುರಿದ ಎಳೆಗಳೆಲ್ಲ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಬಿಗಿಯಾಗಿ ಸುತ್ತಿ ಮಡಚಿಟ್ಟ ಕೇಬಲ್‌ನಲ್ಲಿ ಈ ಚುಕ್ಕೆ ಬೇಗ ಹೆಚ್ಚುತ್ತವೆ. ಕೇಬಲ್ ಸರಿ ಇದ್ದರೆ ಮುಂದಿನ ಅನುಮಾನ ಟೆಲಿಸ್ಕೋಪಿನ, ಅಂದರೆ ಕ್ಯಾಮೆರಾಕ್ಕೆ ಸಿಕ್ಕಿಸಿ ಹೊಟ್ಟೆಯೊಳಗೆ ಬಿಡುವ ಗಾಜಿನ ಕೊಳವೆಯ, ತುದಿಯ ಮೇಲೆ. ಎಸಿಯಲ್ಲಿ ತಣ್ಣಗಾದ ಗಾಜು 37 ಡಿಗ್ರಿಯ ಹೊಟ್ಟೆಯೊಳಗೆ ಹೋದರೆ ಆವಿ ಕಟ್ಟದೆ ಇರುತ್ತಾ? ತುದಿ ಅದ್ದೋಕೆ ಫ್ಲಾಸ್ಕಿನಲ್ಲಿ ಬಿಸಿ ಸಲೈನ್ ಇಟ್ಟುಕೊಂಡರೆ ಆ ಸಮಸ್ಯೆ ಮುಗೀತು.

ಗ್ಯಾಸಿನ ವಿಷಯ ಹಾಗಲ್ಲ. ಒಳಗೆ ಕೆಲಸಕ್ಕೆ ಜಾಗ ಸಿಗಲೆಂದು ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡೇ ಬೇಕು: ಕಾಟರಿ (ಕರೆಂಟಿನಿಂದ ಸುಡುವ ಸಾಧನ) ಕಿಡಿಗೆ ಉರಿಯೋದಿಲ್ಲ, ರಕ್ತದಲ್ಲಿ ಕರಗಿ ಉಸಿರಲ್ಲಿ ಹೊರಹೋಗುತ್ತದೆ. ಗ್ಯಾಸ್ ತುಂಬುವ ಯಂತ್ರ ಇನ್ಸಫ್ಲೇಟರನ್ನು ಸಾಮಾನ್ಯವಾಗಿ 12 ಮಿ.ಮೀ. ಪಾದರಸದ ಒತ್ತಡಕ್ಕೆ ಇಡುತ್ತೇವೆ. ಆದರೆ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳನ್ನು ನಾನು ನಂಬೋದಿಲ್ಲ. ಒಳಗೆ ದ್ರವ ಇರುವತನಕ ಅದು ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರುತ್ತದೆ, ದ್ರವ ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಹೊರಗಿದ್ದ ಸಿಲಿಂಡರ್ ಆದರೆ ಮುಳ್ಳು ಇನ್ನೂ ಮೇಲಕ್ಕೇ ತೋರಿಸುತ್ತದೆ. ಹಾಗಾಗಿ ತಕ್ಕಡಿಯಲ್ಲಿ ತೂಗುತ್ತೇನೆ. ಖಾಲಿ ತೂಕ ಸಿಲಿಂಡರಿನ ಕತ್ತಿನ ಮೇಲೇ ಅಚ್ಚಾಗಿರುತ್ತದೆ, ಕಳೆದರೆ ಉಳಿದದ್ದು ಗ್ಯಾಸ್. ಇನ್ನೊಂದು ತುಂಬಿದ ಸಿಲಿಂಡರ್ ಪಕ್ಕದಲ್ಲೇ ಇರಬೇಕು, ಸ್ಪ್ಯಾನರ್ ಟ್ರಾಲಿಗೆ ಕಟ್ಟಿರಬೇಕು.

ಮೊದಲು ಹೊಟ್ಟೆಗೆ ಚುಚ್ಚಿ ಗ್ಯಾಸ್ ಬಿಡುವ ವೆರೆಸ್ ಸೂಜಿಯ ಸ್ಪ್ರಿಂಗನ್ನು ಸರ್ಜನ್ ಕೈಗೆ ಕೊಡುವ ಮೊದಲು ಒತ್ತಿ ನೋಡುತ್ತೇನೆ. ಹಂಗೇರಿಯ ಯಾನೋಶ್ ವೆರೆಸ್ 1938ರಲ್ಲಿ ಪ್ರಕಟಿಸಿದ ಈ ಸೂಜಿ ಮೊದಲಿಗೆ ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ತುಂಬಲು ಇದ್ದದ್ದು. ಚೂಪು ತುದಿ ಪೊರೆ ದಾಟಿದ ಕೂಡಲೇ ಒಳಗಿನ ಮೊಂಡು ಕಡ್ಡಿ ಮುಂದೆ ಚಿಮ್ಮಿ ಕರುಳನ್ನು ಕಾಯುತ್ತದೆ. ಸ್ಪ್ರಿಂಗ್ ಜಿಗುಟಾಗಿದ್ದರೆ ಕಾಯೋದಿಲ್ಲ.

ಇನ್ನು ಹುಕ್, ಅಂದರೆ ಕರೆಂಟ್ ಹಾಯಿಸಿ ಕತ್ತರಿಸುವ ಕೊಕ್ಕೆ ತುದಿಯ ಕಾಟರಿ ಕಡ್ಡಿ. ಕೇಸ್ ಮುಗಿದ ಮೇಲೆ ಅದರ ಕಪ್ಪು ಹೊದಿಕೆಯನ್ನು ಭೂತಗನ್ನಡಿಯಲ್ಲಿ ಉದ್ದಕ್ಕೂ ನೋಡುತ್ತೇನೆ. ಕೂದಲೆಳೆಯಷ್ಟು ಬಿರುಕಿದ್ದರೂ ಕರೆಂಟ್ ಅಲ್ಲಿಂದ ಸೋರಬಹುದು. ಕ್ಯಾಮೆರಾ ನೋಡುತ್ತಿರುವುದು ತುದಿಯನ್ನು, ಸುಡುವುದು ಚಿತ್ರದ ಆಚೆ ಇರುವ ಕರುಳನ್ನು. ಗೊತ್ತಾಗುವಷ್ಟರಲ್ಲಿ ಕೆಲವು ದಿನ ಕಳೆದಿರುತ್ತವೆ. ಬಿರುಕು ಕಂಡ ಹುಕ್ಕಿಗೆ ಟೇಪ್ ಸುತ್ತಿ ಇನ್ನೊಂದು ಕೇಸ್ ತೆಗೆಯೋಣ ಅನ್ನುವ ಜಾಣತನ ನನ್ನ ಹತ್ತಿರ ನಡೆಯೋದಿಲ್ಲ.

ನನ್ನ ಹೆಚ್ಚಿನ ಹೊತ್ತು ಹೋಗೋದು ಸಿಂಕ್ ಹತ್ತಿರ. ಮೇರಿಲ್ಯಾಂಡ್ ಅನ್ನುವ, ಬಾಗಿದ ದವಡೆಯಂಥ ತುದಿಯ ಇಕ್ಕಳ ಮೂರು ಭಾಗವಾಗಿ ಬಿಚ್ಚುತ್ತದೆ: ಹಿಡಿ, ಕೊಳವೆ, ಒಳಗಿನ ಕಡ್ಡಿ. ಬಿಚ್ಚದೆ ಅದ್ದಿ ತೆಗೆದರೆ ದವಡೆಯ ಕೀಲಿನಲ್ಲಿ ರಕ್ತ ಹಾಗೇ ಒಣಗಿ ಕೂರುತ್ತದೆ. ಎಂಜೈಮ್ ದ್ರಾವಣದಲ್ಲಿ ನೆನೆಸಿ, ಸಣ್ಣ ಬ್ರಷ್ ಹಾಕಿ, ಕೊಳವೆಯೊಳಗೆ ಸಿರಿಂಜಿನಿಂದ ನೀರು ಹಾಯಿಸಿದಾಗ ಕಂದು ನೀರು ಬರುವುದು ನಿಲ್ಲಬೇಕು.

ಆಮೇಲಿನ ತೊಳೆಯುವ ನೀರಿನ ಬಗ್ಗೆ ನನಗೂ ಮ್ಯಾನೇಜ್‌ಮೆಂಟಿಗೂ ಬಹಳ ದಿನ ಜಟಾಪಟಿ ನಡೆಯಿತು. ಒಂದೇ ಸ್ಕೋಪಿನಲ್ಲಿ ಸಾಲುಸಾಲು ಹೆಂಗಸರಿಗೆ ಸಂತಾನಹರಣ ಮಾಡುತ್ತಿದ್ದ ಕ್ಯಾಂಪ್‌ಗಳ ಕಾಲದ ರೂಢಿ ಇನ್ನೂ ಎಷ್ಟೋ ಕಡೆ ಇದೆ: ಕ್ರಿಮಿ ಕೊಲ್ಲುವ ದ್ರಾವಣ ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಮುಳುಗಿಸು, ತೊಳೆ, ಕೊಡು. ಅಷ್ಟು ಹೊತ್ತಿನಲ್ಲಿ ಬ್ಯಾಕ್ಟೀರಿಯಾದ ಗಟ್ಟಿ ಚಿಪ್ಪಿನ ರೂಪವಾದ ಸ್ಪೋರ್‌ಗಳು ಸಾಯೋದಿಲ್ಲ, ಅದಕ್ಕೆ 10 ಗಂಟೆ ಬೇಕು. ಅದಕ್ಕಿಂತ ದೊಡ್ಡ ತೊಂದರೆ, ತೊಳೆಯುವ ನೀರು ನಲ್ಲಿಯದಾದರೆ ಅದರಲ್ಲಿರುವ ಕ್ಷಯದ ಜಾತಿಯ ಬ್ಯಾಕ್ಟೀರಿಯಾ ಸಾಮಾನಿನ ಜೊತೆಗೇ ಒಳಗೆ ಹೋಗುತ್ತದೆ. ಹೊಲಿಗೆ ಬಿಚ್ಚಿ, ಎಲ್ಲ ಮಾಗಿ, ಮೂರ್ನಾಲ್ಕು ವಾರದ ಮೇಲೆ ತೂತಿನ ಜಾಗದಲ್ಲಿ ಗಂಟೆದ್ದು ಕೀವು ಸೋರುತ್ತದೆ. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಜಗ್ಗೋದಿಲ್ಲ, ತಿಂಗಳುಗಟ್ಟಲೆ ಔಷಧಿ. ಬಡವರ ಮನೆಗೆ ಅದು ಆಪರೇಷನ್ನಿಗಿಂತ ದುಬಾರಿ.

ಡೀಲರ್ 4ಕೆ ಮಾನಿಟರ್ ತೋರಿಸಲು ಬಂದಾಗ ನಾನು ಕೇಳಿದ್ದು ಇನ್ನೊಂದು ಸೆಟ್ ಕೈ ಸಾಮಾನು. ಕೊನೆಗೂ ಸಿಕ್ಕಿತು. ಈಗ ಉಗಿ ತಡೆಯುವ ಸಾಮಾನೆಲ್ಲ 134 ಡಿಗ್ರಿ ಉಗಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೇ ಹೋಗುತ್ತದೆ. ಆಟೋಕ್ಲೇವ್ ಮಾಡಬಹುದು ಎಂದು ಗುರುತಿರುವ ಟೆಲಿಸ್ಕೋಪ್ ಕೂಡ ಹೋಗುತ್ತದೆ, ಹೊರಬಂದ ಮೇಲೆ ತಣ್ಣೀರು ಸೋಕಿಸದೆ ತಾನಾಗೇ ಆರಲು ಬಿಡುತ್ತೇವೆ. ಇಲ್ಲದಿದ್ದರೆ ಗಾಜಿನ ಸೀಲ್ ಬಿಡುತ್ತದೆ. ಕ್ಯಾಮೆರಾಕ್ಕೆ ಸ್ಟೆರೈಲ್ ಪ್ಲಾಸ್ಟಿಕ್ ತೋಳು. ಎರಡೇ ಸೆಟ್ ಇರೋದರಿಂದ ಮೂರನೇ ಕೇಸ್ ಬಿದ್ದ ದಿನ ಮಾತ್ರ ಆಟೋಕ್ಲೇವ್ ಮುಗಿಯುವವರೆಗೆ ಕಾಯಬೇಕು. ಸರ್ಜನ್ ಗೊಣಗಿಕೊಂಡೇ ಓಪಿಡಿಗೆ ಇಳಿದು ನಾಲ್ಕು ಪೇಷಂಟ್ ನೋಡಿ ಬರುತ್ತಾರೆ.