ಸೈನಿಕರ ಕ್ಯಾಮೆರಾ ನಿಷೇಧದ ಆದೇಶವನ್ನು ಓದುವ ಬಗೆ

ಯುದ್ಧಭೂಮಿಯಲ್ಲಿ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳು ಹೊರಬಿದ್ದಾಗಲೆಲ್ಲ, ಸೈನಿಕರ ಬಳಿ ಸ್ವಂತ ಕ್ಯಾಮೆರಾ ಅಥವಾ ಮೊಬೈಲ್ ಇರಲೇಬಾರದೆಂಬ ಮಾತು ಬೆನ್ನಿಗೇ ಕೇಳಿಬರುತ್ತದೆ. ಅಂಥ ಸುದ್ದಿಯನ್ನು ಓದಿದ ಕೂಡಲೇ ಒಳ್ಳೆಯದಾಯಿತು ಎಂದೋ, ಎಲ್ಲವನ್ನೂ ಮುಚ್ಚಿಹಾಕುತ್ತಿದ್ದಾರೆ ಎಂದೋ ತೀರ್ಮಾನಿಸುವ ಮೊದಲು ಆದೇಶದ ಒಕ್ಕಣೆಯನ್ನು ಸಾವಧಾನವಾಗಿ ಓದಬೇಕು. ಕಾನೂನು ಮತ್ತು ಪತ್ರಿಕೋದ್ಯಮದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಓದಿನ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳಲ್ಲಿ ಹೆಚ್ಚಿನವು ಬಾಗ್ದಾದಿನ ಪಶ್ಚಿಮಕ್ಕಿರುವ ಅಬು ಘ್ರೈಬ್ ಸೆರೆಮನೆಗೆ ಸೇರಿದವು; ಅಲ್ಲಿ 2003ರಲ್ಲಿ ಅಮೆರಿಕದ ಸೈನಿಕರು ಇರಾಕಿ ಕೈದಿಗಳನ್ನು ಹಿಂಸಿಸಿ, ಅದರ ಚಿತ್ರಗಳನ್ನೂ ತೆಗೆದಿದ್ದರು.

ಮೊದಲು, ಆದೇಶ ಹೊರಟಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಬು ಘ್ರೈಬ್‌ನ ಚಿತ್ರಗಳು 2004ರ ಏಪ್ರಿಲ್ 28ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದವು. ಒಂದು ತಿಂಗಳೊಳಗೆ, ಇರಾಕಿನಲ್ಲಿರುವ ಸೈನಿಕರು ಕ್ಯಾಮೆರಾ ಫೋನ್ ಇಟ್ಟುಕೊಳ್ಳುವುದನ್ನು ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ನಿಷೇಧಿಸಿದ್ದಾರೆಂಬ ಸುದ್ದಿ ಜಗತ್ತಿನಾದ್ಯಂತ ಅಚ್ಚಾಯಿತು. ಅಂಥ ಆದೇಶವನ್ನು ತಾನು ಹೊರಡಿಸಿಲ್ಲ ಎಂದು ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್ ಹೇಳಿತಾದರೂ, ಆ ಸುದ್ದಿಯನ್ನು ನಿಜವೆಂದೇ ನಂಬಿದವರು ಇಂದಿಗೂ ಇದ್ದಾರೆ. ಆದುದರಿಂದ ಆದೇಶವನ್ನು ಹೊರಡಿಸಿದ ಅಧಿಕಾರಿ, ಅದರ ದಿನಾಂಕ ಮತ್ತು ಅದು ಅನ್ವಯಿಸುವ ಪ್ರದೇಶ, ಈ ಮೂರೂ ಸಿಗುವವರೆಗೆ ಅದರ ಬಗ್ಗೆ ಅಭಿಪ್ರಾಯ ಬರೆಯಬೇಡಿ.

ಆದೇಶ ಕೈಗೆ ಸಿಕ್ಕ ಮೇಲೆ, ಅದು ಸಾಧನವನ್ನು ನಿಷೇಧಿಸುತ್ತದೆಯೋ, ಚಿತ್ರದ ವಸ್ತುವನ್ನೋ ಅಥವಾ ಚಿತ್ರದ ಹಂಚಿಕೆಯನ್ನೋ ಎಂಬುದನ್ನು ಗುರುತಿಸಿ. ಅಮೆರಿಕದ ಕೇಂದ್ರ ಕಮಾಂಡ್ 2006ರಲ್ಲಿ ಪರಿಷ್ಕರಿಸಿದ ಒಂದನೆಯ ಸಾಮಾನ್ಯ ಆದೇಶವು ಸೈನಿಕರ ಕ್ಯಾಮೆರಾವನ್ನು ಕಿತ್ತುಕೊಳ್ಳಲಿಲ್ಲ. ಅಧಿಕೃತ ಕರ್ತವ್ಯದ ಹೊರತಾಗಿ ಬಂಧಿತರ, ಸತ್ತವರ ಮತ್ತು ಗಾಯಾಳುಗಳ ಚಿತ್ರ ತೆಗೆಯುವುದನ್ನು, ಅಂಥ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನು ಮತ್ತು ಹಂಚುವುದನ್ನು ಮಾತ್ರ ನಿಷೇಧಿಸಿತು. ಇದಕ್ಕೆ ಗಟ್ಟಿಯಾದ ಆಧಾರವಿದೆ. ಯುದ್ಧಕೈದಿಗಳನ್ನು ಅವಮಾನದಿಂದಲೂ ಸಾರ್ವಜನಿಕರ ಕುತೂಹಲದಿಂದಲೂ ರಕ್ಷಿಸಬೇಕೆಂದು 1949ರ ಮೂರನೆಯ ಜಿನೀವಾ ಒಪ್ಪಂದದ 13ನೆಯ ವಿಧಿ ಹೇಳುತ್ತದೆ. ಬೆತ್ತಲೆ ನಿಲ್ಲಿಸಿದ ಮನುಷ್ಯನ ಮುಂದೆ ಕ್ಯಾಮೆರಾ ಹಿಡಿಯುವುದು ಅವನ ಮೇಲೆ ನಡೆಯುವ ಹಿಂಸೆಯ ಭಾಗವೇ ಹೊರತು ಬರೀ ದಾಖಲೆಯಲ್ಲ.

ರಷ್ಯಾ 2019ರಲ್ಲಿ ತಂದ ಕಾನೂನು ಬೇರೆ ಬಗೆಯದು. ಕರ್ತವ್ಯದಲ್ಲಿರುವ ಸೈನಿಕರು ಚಿತ್ರ ತೆಗೆಯಬಲ್ಲ, ಅಂತರ್ಜಾಲಕ್ಕೆ ಸೇರಬಲ್ಲ ಫೋನನ್ನೇ ಇಟ್ಟುಕೊಳ್ಳಬಾರದೆಂದು ಅದು ವಿಧಿಸಿತು. ಸೈನಿಕರು ತಾವೇ ಹಾಕಿದ ಚಿತ್ರಗಳಿಂದ ಪಡೆಗಳ ನೆಲೆ ಬಯಲಾಗುತ್ತದೆಂಬ ಕಾರಣ ಸುಳ್ಳಲ್ಲ. ಆದರೆ ನೆಲೆ ಬಯಲಾಗುವುದನ್ನು ತಡೆಯಲು ಬರೆದ ಕಾನೂನು, ದುರ್ನಡತೆ ಬಯಲಾಗುವುದನ್ನೂ ಅಷ್ಟೇ ಪರಿಣಾಮಕಾರಿಯಾಗಿ ತಡೆಯುತ್ತದೆ. ಆದುದರಿಂದ ಆದೇಶವು ಕೊಡುವ ಕಾರಣಕ್ಕೂ ಅದು ನಿಷೇಧಿಸುವ ವಸ್ತುವಿಗೂ ಅಳತೆ ಸರಿಹೊಂದುತ್ತದೆಯೇ ಎಂದು ನೋಡಿ.

ಮುಂದಿನ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು: ಈ ಆದೇಶ ಮೊದಲೇ ಜಾರಿಯಲ್ಲಿದ್ದಿದ್ದರೆ, ಹಗರಣ ಬೆಳಕಿಗೆ ಬರುತ್ತಿತ್ತೇ? ಅಬು ಘ್ರೈಬ್‌ನ ವಿಷಯದಲ್ಲಿ ಇದಕ್ಕೆ ಉತ್ತರ ದಾಖಲೆಗಳಲ್ಲೇ ಇದೆ. ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಪ್ರತಿನಿಧಿಗಳು 2003ರ ಅಕ್ಟೋಬರ್‌ನಲ್ಲೇ ಆ ಸೆರೆಮನೆಗೆ ಭೇಟಿ ಕೊಟ್ಟು, ತಾವು ಕಂಡುದನ್ನು ಸೇನೆಯ ಗಮನಕ್ಕೆ ತಂದಿದ್ದರು. ಆದರೂ ನವೆಂಬರ್ 4ರ ರಾತ್ರಿ, ತಲೆಗೆ ಮುಸುಕು ಹಾಕಿ, ಕೈಗೆ ತಂತಿ ಕಟ್ಟಿ, ಒಬ್ಬ ಕೈದಿಯನ್ನು ಪೆಟ್ಟಿಗೆಯೊಂದರ ಮೇಲೆ ನಿಲ್ಲಿಸಲಾಯಿತು. ಅದೇ ಸೆರೆಮನೆಯಲ್ಲಿ, ಅದೇ ದಿನ, ಸಿಐಎ ವಿಚಾರಣೆಗೆ ಒಳಗಾಗಿದ್ದ ಮನಾದೆಲ್ ಅಲ್ ಜಮಾದಿ ಎಂಬ ಕೈದಿ ಸತ್ತ; ಅವನ ಶವವನ್ನು ಮಂಜುಗಡ್ಡೆಯಲ್ಲಿಟ್ಟು, ಮರುದಿನ ರೋಗಿಯೊಬ್ಬನನ್ನು ಸಾಗಿಸುವಂತೆ ಹೊರಗೆ ಸಾಗಿಸಿದರು. ಆ ಶವದ ಪಕ್ಕದಲ್ಲಿ ಹೆಬ್ಬೆರಳೆತ್ತಿ ನಗುತ್ತ ಸೈನಿಕರು ತೆಗೆಸಿಕೊಂಡ ಚಿತ್ರಗಳಿಲ್ಲದಿದ್ದರೆ, ಆ ಸಾವಿನ ಸುದ್ದಿ ನಮ್ಮವರೆಗೆ ತಲುಪುತ್ತಿತ್ತೆಂದು ನನಗನ್ನಿಸುವುದಿಲ್ಲ. 2004ರ ಜನವರಿಯಲ್ಲಿ ಅಲ್ಲಿಯೇ ಇದ್ದ ಒಬ್ಬ ಸೈನಿಕ ಚಿತ್ರಗಳಿದ್ದ ಸಿ.ಡಿ.ಯನ್ನು ಸೇನೆಯ ಅಪರಾಧ ತನಿಖಾ ವಿಭಾಗಕ್ಕೆ ತಲುಪಿಸಿದ ಮೇಲೆ ತನಿಖೆ ಆರಂಭವಾಯಿತು. ಮೇಜರ್ ಜನರಲ್ ಆಂಟೋನಿಯೊ ಟಗುಬಾ ಅವರ ವಿಚಾರಣೆಯೂ ಅದರ ನಂತರವೇ ನಡೆಯಿತು. ಪದಗಳು ಮಾಡದ ಕೆಲಸವನ್ನು ಚಿತ್ರಗಳು ಮಾಡಿದವೆಂಬುದನ್ನು ಮೇ 7ರಂದು ಸೆನೆಟ್ ಸಮಿತಿಯ ಮುಂದೆ ರಮ್ಸ್‌ಫೆಲ್ಡ್ ತಾವೇ ಒಪ್ಪಿಕೊಂಡರು.

ಸಾಕ್ಷ್ಯವಾಗಿ ಡಿಜಿಟಲ್ ಚಿತ್ರಕ್ಕಿರುವ ಬೆಲೆಯನ್ನೂ ಅರಿತಿರಬೇಕು. ಮೂಲ ಕಡತದೊಳಗೆ ಸಾಮಾನ್ಯವಾಗಿ ಕ್ಯಾಮೆರಾದ ಮಾದರಿ ಮತ್ತು ಚಿತ್ರ ತೆಗೆದ ಸಮಯ ಅಡಗಿರುತ್ತವೆ. ಅಬು ಘ್ರೈಬ್‌ನಲ್ಲಿ ಒಂದೇ ಘಟನೆಯನ್ನು ಬೇರೆ ಬೇರೆ ಕ್ಯಾಮೆರಾಗಳು ಸೆರೆಹಿಡಿದಿದ್ದವು. ಅವನ್ನು ಒಂದರ ಪಕ್ಕ ಒಂದಿಟ್ಟು, ಗಡಿಯಾರ ತಪ್ಪಿದ್ದ ಕ್ಯಾಮೆರಾದ ಸಮಯವನ್ನೂ ಸರಿಪಡಿಸಿ, ಯಾವ ರಾತ್ರಿ ಯಾರು ಎಲ್ಲಿದ್ದರೆಂಬುದನ್ನು ತನಿಖೆಗಾರರು ನಿಮಿಷದ ಲೆಕ್ಕದಲ್ಲಿ ಜೋಡಿಸಿದರು. ಇದೇ ರೀತಿ 2011ರಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಬ್ರಿಟಿಷ್ ನೌಕಾ ಸಾರ್ಜೆಂಟ್ ಒಬ್ಬ ಗಾಯಗೊಂಡು ಬಿದ್ದಿದ್ದವನನ್ನು ಗುಂಡಿಕ್ಕಿ ಕೊಂದುದು, ಸಹೋದ್ಯೋಗಿಯ ಶಿರಸ್ತ್ರಾಣದಲ್ಲಿದ್ದ ಕ್ಯಾಮೆರಾದ ದೃಶ್ಯ ಮುಂದಿನ ವರ್ಷ ಲ್ಯಾಪ್‌ಟಾಪ್ ಒಂದರಲ್ಲಿ ಸಿಕ್ಕಿದ್ದರಿಂದ ಸೇನಾ ನ್ಯಾಯಾಲಯದವರೆಗೆ ಹೋಯಿತು.

ಆದುದರಿಂದ ಆದೇಶದ ಕ್ರಿಯಾಪದಗಳ ಮೇಲೆ ಬೆರಳಿಟ್ಟು ಓದಿ. ಈಗಾಗಲೇ ತೆಗೆದ ಚಿತ್ರಗಳನ್ನು "ಅಳಿಸತಕ್ಕದ್ದು" ಎಂದಿದೆಯೋ, "ತನಿಖಾ ವಿಭಾಗಕ್ಕೆ ಒಪ್ಪಿಸತಕ್ಕದ್ದು" ಎಂದಿದೆಯೋ? ಅಳಿಸಲು ಹೇಳುವ ಆದೇಶ ಪುರಾವೆಯನ್ನು ನಾಶಮಾಡುತ್ತದೆ. ಖಾಸಗಿ ಕ್ಯಾಮೆರಾದ ಜಾಗದಲ್ಲಿ ವಿಚಾರಣಾ ಕೊಠಡಿಯಲ್ಲಿ ಅಧಿಕೃತ ಕ್ಯಾಮೆರಾ ಇರುತ್ತದೆಯೇ, ಅದರ ದೃಶ್ಯಗಳು ಆ ತುಕಡಿಯ ಅಧಿಕಾರಿಯ ಕೈಯಲ್ಲಿರುತ್ತವೆಯೋ ಅಥವಾ ಹೊರಗಿನವರ ಕೈಯಲ್ಲೋ, ಎಷ್ಟು ಕಾಲ ಉಳಿಸಲಾಗುತ್ತದೆ ಎಂಬುದನ್ನೂ ಹುಡುಕಿ.

ಜಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ಮಹಾಯುದ್ಧದ ಮೊದಲ ಚಳಿಗಾಲದಲ್ಲೇ ಬ್ರಿಟಿಷ್ ಸೇನೆ ಸೈನಿಕರ ಸ್ವಂತ ಕ್ಯಾಮೆರಾಗಳನ್ನು ನಿಷೇಧಿಸಿತ್ತು. ಆದರೂ ಅಂಗಿಯ ಜೇಬಿನಲ್ಲಿ ಹಿಡಿಸುವ ಕೊಡಾಕ್ ಕ್ಯಾಮೆರಾಗಳು ಕಂದಕಗಳಲ್ಲಿ ಉಳಿದುಕೊಂಡವು. ಪೂರ್ಣವಾಗಿ ಜಾರಿಯಾಗದ ನಿಷೇಧವನ್ನು ಯಾರ ಮೇಲೆ ಪ್ರಯೋಗಿಸಲಾಗುತ್ತದೆ ಎಂಬುದರ ಮೇಲೆ ಕಣ್ಣಿಡಿ. ಅಬು ಘ್ರೈಬ್ ಪ್ರಕರಣದಲ್ಲಿ ಜೈಲಿಗೆ ಹೋದವರಲ್ಲಿ ಸ್ಟಾಫ್ ಸಾರ್ಜೆಂಟ್‌ಗಿಂತ ಮೇಲಿನ ದರ್ಜೆಯವರು ಯಾರೂ ಇರಲಿಲ್ಲ.

ಕಡೆಯದಾಗಿ, ಚಿತ್ರವನ್ನು ಒಪ್ಪಿಸಿದವನಿಗೆ ರಕ್ಷಣೆ ಕೊಡುವ ಕಲಮು ಇದೆಯೇ ನೋಡಿ. ಸಿ.ಡಿ. ತಲುಪಿಸಿದ ಆ ಸೈನಿಕ ತನ್ನ ಹೆಸರು ಗುಟ್ಟಾಗಿರಬೇಕೆಂದು ಕೇಳಿಕೊಂಡಿದ್ದ. ಕೃತಜ್ಞತೆ ಸಲ್ಲಿಸುವ ಭರದಲ್ಲಿ ರಕ್ಷಣಾ ಸಚಿವರು ಟಿ.ವಿ.ಯಲ್ಲಿ ನೇರಪ್ರಸಾರವಾಗುತ್ತಿದ್ದ ವಿಚಾರಣೆಯಲ್ಲೇ ಅದನ್ನು ಹೇಳಿದಾಗ, ಆತ ಇನ್ನೂ ಇರಾಕಿನಲ್ಲಿ ಸಹಸೈನಿಕರ ನಡುವೆ ಇದ್ದ. ಮುಂದೆ ತನ್ನ ಊರಿಗೆ ಹೋಗಿ ನೆಲೆಸಲೂ ಆತನಿಂದಾಗಲಿಲ್ಲ.