ರೊಟ್ಟಿ ಹಂಚು, ಕಡಾಯಿ ಬಡಿಯಲು ಜಾಲಿ ಕೊರಡು

ಕಾಸಿದ ತಗಡನ್ನು ಕೊರಡಿನ ತಲೆಯಲ್ಲಿ ತೋಡಿದ ತಗ್ಗಿನ ಮೇಲಿಟ್ಟು ಬಡಿದು ಹಂಚು, ಕಡಾಯಿ ಮಾಡುತ್ತೇವೆ. ಇದಕ್ಕೆ ಹಂಚಿನಷ್ಟೇ ಅಗಲದ ಅಚ್ಚು ಕೆತ್ತಲು ಹೋದರೆ ಶ್ರಮವೂ ದಂಡ, ಕಟ್ಟಿಗೆಯೂ ದಂಡ. ತಗಡನ್ನು ತಿರುಗಿಸುತ್ತ ಬಡಿಯುತ್ತೇವೆ. ಏಟು ಬೀಳುವ ಜಾಗದ ಕೆಳಗೆ ತಗ್ಗಿದ್ದರೆ ಸಾಕು. 16 ಸೆಂ.ಮೀ. ಅಗಲದ ತಗ್ಗಿನಲ್ಲಿ 30 ಸೆಂ.ಮೀ. ಅಗಲದ ಹಂಚು ಆರಾಮಾಗಿ ತಯಾರಾಗುತ್ತದೆ. ನೋಡಬೇಕಾದದ್ದು ತಗ್ಗಿನ ಬಾಗು.

ಕಟ್ಟಿಗೆಗೆ ಕರಿಜಾಲಿಯೇ ಸೈ. ಬಾಗಲಕೋಟೆ, ವಿಜಯಪುರದ ಎರೆಹೊಲಗಳ ಬದುವಿನಲ್ಲಿ ಬೆಳೆಯುವ ಈ ಮರ ಏಟು ತಾಳುತ್ತದೆ, ಬೇಗ ಸೀಳುವುದಿಲ್ಲ. ಬಳ್ಳಾರಿ ಜಾಲಿಯೂ ಗಟ್ಟಿಯೇ, ಆದರೆ ಬೇಕಾದ ದಪ್ಪದ ನೇರ ಬೊಡ್ಡೆ ಸಿಗುವುದು ಅಪರೂಪ. ತೇಗಕ್ಕೆ ದುಡ್ಡು ಸುರಿಯಬೇಡಿ, ಎಳೆಗುಂಟ ಸೀಳುತ್ತದೆ. 28 ಸೆಂ.ಮೀ. ದಪ್ಪ, 60 ಸೆಂ.ಮೀ. ಎತ್ತರದ ತುಂಡು ಒಣಗಿದ ಮೇಲೆ ಸುಮಾರು 30 ಕೆ.ಜಿ. ತೂಗುತ್ತದೆ, ಅದಕ್ಕಿಂತ ಹಗುರಾದದ್ದು ಏಟಿಗೆ ಕುಣಿಯುತ್ತದೆ. ಬಡಿಯುವುದು ಅಡ್ಡ ಕೊಯ್ದ ತುದಿಯ, ಅಂದರೆ ತಲೆಯ ಮೇಲೆ, ಮಗ್ಗುಲಲ್ಲಿ ಅಲ್ಲ. ಮಗ್ಗುಲಲ್ಲಿ ತಗ್ಗು ತೋಡಿದರೆ ಚಕ್ಕೆ ಏಳುತ್ತದೆ.

ತೊಗಟೆ ತೆಗೆದು, ಎರಡೂ ತಲೆಗೆ ಸಗಣಿ-ಮಣ್ಣು ಅಥವಾ ಮೇಣ ದಪ್ಪಗೆ ಬಳಿದು ನೆರಳಲ್ಲಿಡಿ. ನಮ್ಮ ಕಡೆಯ ಬೇಸಿಗೆಗೆ ಬರಿ ತಲೆ ಬಿಟ್ಟರೆ ತಿರುಳಿನಿಂದ ಹೊರಗಿನವರೆಗೂ ಸೀಳು ಬಿಡುತ್ತದೆ. ಆರು ತಿಂಗಳಾದರೂ ಒಣಗಲಿ. ಸಣ್ಣ ಬಿರುಕು ಬಂದೇ ಬರುತ್ತದೆ, ಅದನ್ನು ಹಿಡಿದಿಡಲು ಎರಡೂ ತುದಿಯಿಂದ 6 ಸೆಂ.ಮೀ. ಬಿಟ್ಟು 40 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಬಳೆ ಹಾಕಬೇಕು. ಬಳೆಯ ಒಳಸುತ್ತಳತೆ ಕೊರಡಿನ ಸುತ್ತಳತೆಗಿಂತ 3–4 ಮಿ.ಮೀ. ಕಡಿಮೆಯಿರಲಿ, ಮಂದ ಕೆಂಪಗೆ ಕಾಸಿ, ಚಕ್ಕಡಿ ಗಾಲಿಗೆ ಪಟ್ಟಾ ಏರಿಸುವ ಹಾಗೆ ಇಳಿಸಿ ತಕ್ಷಣ ನೀರು ಸುರಿಯಿರಿ. ಹಸಿ ಕೊರಡಿಗೆ ಏರಿಸಿದ ಬಳೆ ಮುಂದಿನ ಬೇಸಿಗೆಯಲ್ಲಿ ಕಳಚಿ ಬೀಳುತ್ತದೆ.

ಈಗ ಬಾಗಿನ ಲೆಕ್ಕ. ಪಾತ್ರೆಯ ಅರ್ಧ ಅಗಲದ ವರ್ಗಕ್ಕೆ ಆಳದ ವರ್ಗ ಕೂಡಿಸಿ, ಆಳದ ಎರಡರಷ್ಟರಿಂದ ಭಾಗಿಸಿದರೆ ಬಾಗಿನ ತ್ರಿಜ್ಯ ಸಿಗುತ್ತದೆ. 30 ಸೆಂ.ಮೀ. ಅಗಲ, 2 ಸೆಂ.ಮೀ. ಆಳದ ರೊಟ್ಟಿ ಹಂಚಿಗೆ ಅದು ಸುಮಾರು 57 ಸೆಂ.ಮೀ.; 26 ಅಗಲ, 7 ಆಳದ ಕಡಾಯಿಗೆ ಸುಮಾರು 15.5. ಅಂದರೆ 16 ಸೆಂ.ಮೀ. ತಗ್ಗು ಹಂಚಿಗಾದರೆ ಕೇವಲ 6 ಮಿ.ಮೀ. ಆಳ, ಕಡಾಯಿಗಾದರೆ 22 ಮಿ.ಮೀ. ಒಂದೇ ಕೊರಡಿನ ಒಂದು ತಲೆಗೆ ಹಂಚು, ಇನ್ನೊಂದಕ್ಕೆ ಕಡಾಯಿ. ಹಂಚನ್ನು ಕಡಾಯಿಯ ತಗ್ಗಿನಲ್ಲಿ ಬಡಿದರೆ ಗುಳಿಗುಳಿಯಾಗಿ, ರೊಟ್ಟಿ ಅಲ್ಲಲ್ಲಿ ಮಾತ್ರ ಸುಡುತ್ತದೆ.

ದಾರ, ಮೊಳೆ, ಪೆನ್ಸಿಲ್‌ನಿಂದ ರಟ್ಟಿನ ಮೇಲೆ ಈ ತ್ರಿಜ್ಯದ ಕಮಾನು ಎಳೆದು ಕತ್ತರಿಸಿಕೊಳ್ಳಿ. ಅರ್ಧಗೋಲ ಬಾಯಿಯ ಉಳಿಯಿಂದ ನಡುವಿನಿಂದ ಹೊರಕ್ಕೆ ತೋಡುತ್ತ, ರಟ್ಟನ್ನು ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ. ಕಡಾಯಿ ತಗ್ಗನ್ನು ಕೆಂಡವಿಟ್ಟು ಊದಿ, ಸುಟ್ಟ ಪದರ ಕೆರೆದು ಇಳಿಸುವುದು ಸಲೀಸು. ಹಂಚಿನದಕ್ಕೆ ಕೆಂಡ ಬೇಡ, 6 ಮಿ.ಮೀ. ಅಳತೆ ಕೈ ತಪ್ಪುತ್ತದೆ. ತಗ್ಗಿನ ಅಂಚನ್ನು 5 ಮಿ.ಮೀ. ದುಂಡಗೆ ಮಾಡದಿದ್ದರೆ ತಗಡಿನ ಬೆನ್ನಿಗೆ ಗೆರೆ ಬೀಳುತ್ತದೆ. ಎಣ್ಣೆ ಹಚ್ಚಬೇಡಿ: ಕಾಸಿದ ತಗಡು ತಾಗಿದೊಡನೆ ಹೊತ್ತಿಕೊಳ್ಳುತ್ತದೆ.

ಕೊರಡನ್ನು 5 ಸೆಂ.ಮೀ. ಮರಳಿನ ಮೇಲೆ ಕೂರಿಸಿ. ಹಂಚಿಗೆ 3 ಮಿ.ಮೀ., ಕಡಾಯಿಗೆ 2 ಮಿ.ಮೀ. ದಪ್ಪದ, ಲೇಪವಿಲ್ಲದ ಕಪ್ಪು ಉಕ್ಕಿನ ತಗಡು. ಸತುವಿನ ಲೇಪವಿರುವ ಜಿಐ ತಗಡನ್ನು ಕುಲುಮೆಗೆ ಹಾಕಲೇಬಾರದು, ಅದರ ಹೊಗೆ ಜ್ವರ ತರಿಸುತ್ತದೆ. ಉಬ್ಬು ಮುಖದ ಒಂದು ಕೆ.ಜಿ. ಸುತ್ತಿಗೆಯಿಂದ ಅಂಚಿನ ಹತ್ತಿರ ಶುರುಮಾಡಿ ಸುತ್ತುಸುತ್ತಾಗಿ ನಡುವಿಗೆ ಬನ್ನಿ. ನಡುವಿನಿಂದಲೇ ಹೊರಟರೆ ತಳ ತೆಳುವಾಗುತ್ತದೆ. ಅಂಚಿನಲ್ಲಿ ನಿರಿಗೆ ಕಂಡ ಕ್ಷಣವೇ ಅಡಿಗಲ್ಲಿನ (ಕಮ್ಮಾರರ ಕಬ್ಬಿಣದ ದಿಮ್ಮಿ) ಮೇಲೆ ತಟ್ಟಿ ಕೂರಿಸಿ; ಮಡಿಕೆಯಾದರೆ ಅಲ್ಲೇ ಸೀಳುತ್ತದೆ. ಕೆಂಪು ಹೋದ ಮೇಲೆ ಬಡಿತ ನಿಲ್ಲಿಸಿ ಮತ್ತೆ ಕಾಸಿ, 200–300 ಡಿಗ್ರಿಯಲ್ಲಿ ಉಕ್ಕು ಪೆಡಸಾಗಿರುತ್ತದೆ. ಒತ್ತಿದರೆ ಹಂಚಿನ ನಡು ಟಪ್ಪೆಂದು ಆಚೀಚೆ ಪುಟಿಯುತ್ತಿದ್ದರೆ ನಡು ಹೆಚ್ಚು ಹಿಗ್ಗಿದೆ, ಅಂಚನ್ನು ಹಗುರಾಗಿ ಬಡಿದು ಹಿಗ್ಗಿಸಿ.

ಕೆಲಸ ಮುಗಿದಾಗ ತಗ್ಗಿಗೆ ನೀರು ಹೊಯ್ದರೆ ಬಿರುಕು ಬೆಳೆಯುತ್ತದೆ. ಒಣ ಮರಳು ತುಂಬಿಡಿ. ಬಿರುಕಿನೊಳಗೆ ಕಿಡಿ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ, ಕೊರಡು ಕಣಕಿ (ಒಣ ಜೋಳದ ದಂಟು) ಬಣವಿಯ ಹತ್ತಿರವಂತೂ ಇರಬಾರದು. ಸುಟ್ಟು ಸುಟ್ಟು ತಗ್ಗು ಆಳವಾಗಿ ರಟ್ಟಿನ ಕೆಳಗೆ 3 ಮಿ.ಮೀ. ಸಂದು ಕಂಡರೆ, ತಲೆಯಿಂದ 3 ಸೆಂ.ಮೀ. ಗರಗಸದಲ್ಲಿ ಕೊಯ್ದು ಹೊಸದಾಗಿ ತೋಡಿ. ಬಳೆಯನ್ನು 6 ಸೆಂ.ಮೀ. ಕೆಳಗೆ ಹಾಕಿದ್ದು ಇದಕ್ಕೇ.