ಹೈಬ್ರಿಡ್ ಕಾರು ತಗೊಳ್ತೀರಾ? ಮೊದಲು ಎಂಜಿನ್ ಬಗ್ಗೆ ಕೇಳಿ

ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರಿನ ವಿಚಾರ ಕೇಳಿಕೊಂಡು ಗ್ಯಾರೇಜಿಗೆ ಬರುವವರೆಲ್ಲ ಬ್ಯಾಟರಿ ಬಗ್ಗೆಯೇ ಮಾತಾಡುತ್ತಾರೆ. ಎಷ್ಟು ವರ್ಷ ಬಾಳಿಕೆ ಬರುತ್ತೆ, ಕೈಕೊಟ್ಟರೆ ಎಷ್ಟು ಖರ್ಚು, ಮಳೆನೀರು ಹೊಕ್ಕರೆ ಏನು ಗತಿ? ಎಂಜಿನ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಪೆಟ್ರೋಲ್ ಕುಡಿಯೋದು ಎಂಜಿನ್ನೇ ಅಲ್ವಾ? ಉಳಿತಾಯ ಆಗಬೇಕಾದ್ದೂ ಅಲ್ಲೇ. ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿ ಕಾರ್ಬುರೇಟರ್ ಕಾಲದಿಂದ ಕಾರು ರಿಪೇರಿ ಮಾಡಿಕೊಂಡು ಬಂದವನು ನಾನು. ಈ ಹೊಸ ಎಂಜಿನ್‌ಗಳನ್ನು ನೋಡಿದಾಗ ನಿಜಕ್ಕೂ ಖುಷಿಯಾಗುತ್ತದೆ. ಅವುಗಳನ್ನು ಹೇಗೆ ಆರಿಸಬೇಕು, ನಮ್ಮೂರಿನ ಟ್ರಾಫಿಕ್‌ನಲ್ಲಿ ಹೇಗೆ ಓಡಿಸಬೇಕು ಅಂತ ಹೇಳುತ್ತೇನೆ.

ಮೊದಲ ಕೆಲಸ, ಹಿಂದುಗಡೆ ಅಂಟಿಸಿದ 'ಹೈಬ್ರಿಡ್' ಅನ್ನೋ ಅಕ್ಷರ ನೋಡಿ ನಂಬಬೇಡಿ. ಶೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: ಎಂಜಿನ್ ಆಫ್ ಆಗಿದ್ದಾಗ ಬರೀ ಮೋಟಾರಿನಲ್ಲಿ ಕಾರು ಮುಂದೆ ಹೋಗುತ್ತಾ? ಹೋಗುತ್ತೆ ಅಂದರೆ ಅದು ಸ್ಟ್ರಾಂಗ್ ಹೈಬ್ರಿಡ್. ಇಲ್ಲ ಅಂದರೆ ಮೈಲ್ಡ್ ಹೈಬ್ರಿಡ್. ಅದರೊಳಗೆ ಇರುವುದು ಮಾಮೂಲಿ ಎಂಜಿನ್ನೇ, ಚಿಕ್ಕ ಮೋಟಾರ್ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೇ. ಮಾರುತಿಯ ಗ್ರ್ಯಾಂಡ್ ವಿಟಾರಾ ನೋಡಿ. ಒಂದೇ ಹೆಸರಿನ ಕಾರು, ಎರಡೂ 1.5 ಲೀಟರ್. ಮೈಲ್ಡ್‌ನಲ್ಲಿ ನಾಲ್ಕು ಸಿಲಿಂಡರ್, ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮೂರು ಸಿಲಿಂಡರಿನ ಬೇರೆಯದೇ ಎಂಜಿನ್. ಕಂಪನಿ ಲೆಕ್ಕದಲ್ಲಿ ಮ್ಯಾನ್ಯುಯಲ್ ಗೇರಿನ ಮೈಲ್ಡ್ ಲೀಟರಿಗೆ 21.11 ಕಿ.ಮೀ., ಸ್ಟ್ರಾಂಗ್ 27.97 ಕಿ.ಮೀ. ರಸ್ತೆಯಲ್ಲಿ ಎರಡೂ ಇದಕ್ಕಿಂತ ಕಮ್ಮಿಯೇ ಕೊಡುತ್ತವೆ. ಆದರೆ ಸಿಗ್ನಲ್‌ಗಳ ಮಧ್ಯೆ ತೆವಳುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಆ ಬೇರೆ ಎಂಜಿನ್‌ನಲ್ಲಿ ಏನಿದೆ? ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಮಾಮೂಲಿ ಎಂಜಿನ್‌ನಲ್ಲಿ ಪಿಸ್ಟನ್ ಗಾಳಿ-ಪೆಟ್ರೋಲನ್ನು ಎಷ್ಟು ಉದ್ದ ಒತ್ತುತ್ತದೋ, ಉರಿದ ಮೇಲೆ ಅಷ್ಟೇ ಉದ್ದ ಕೆಳಗೆ ತಳ್ಳಿಸಿಕೊಳ್ಳುತ್ತದೆ. ಆಗ ಹೊಗೆ ಹೊರಹೋಗುವ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಅನಿಲದಲ್ಲಿ ಇನ್ನೂ ಒತ್ತಡ ಇರುತ್ತದೆ, ಅದೆಲ್ಲ ಸೈಲೆನ್ಸರ್ ಪಾಲು. ಕಬ್ಬಿನಹಾಲು ಮಾಡುವವನು ಜಲ್ಲೆಯನ್ನು ಮಡಚಿ ಇನ್ನೊಂದು ಸಲ ಗಾಣಕ್ಕೆ ಕೊಡದೆ ಎಸೆದ ಹಾಗೆ. ಒತ್ತುವ ದಾರಿಗಿಂತ ಹಿಗ್ಗುವ ದಾರಿ ಉದ್ದ ಇರಬೇಕು ಅಂತ ಬ್ರಿಟನ್ನಿನ ಜೇಮ್ಸ್ ಅಟ್ಕಿನ್‌ಸನ್ 1880ರ ದಶಕದಲ್ಲೇ ಯೋಚಿಸಿದ್ದರು. ಅದಕ್ಕಾಗಿ ಅವರು ವಿಚಿತ್ರವಾದ ಲಿಂಕ್‌ಗಳನ್ನೇ ಜೋಡಿಸಿದ್ದರು. ಈಗ ಅವು ಬೇಕಿಲ್ಲ, ವಾಲ್ವ್ ಟೈಮಿಂಗ್‌ನಲ್ಲೇ, ಅಂದರೆ ವಾಲ್ವ್ ತೆರೆದು ಮುಚ್ಚುವ ಹೊತ್ತು ಬದಲಿಸಿಯೇ ಕೆಲಸ ಆಗುತ್ತದೆ. ಪಿಸ್ಟನ್ ಮೇಲಕ್ಕೆ ಹೊರಟರೂ ಗಾಳಿ ಒಳಬರುವ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಎಳೆದ ಗಾಳಿಯಲ್ಲಿ ಒಂದಿಷ್ಟು ಮ್ಯಾನಿಫೋಲ್ಡ್ ಅನ್ನೋ ಗಾಳಿ ಕೊಳವೆಗೆ ವಾಪಸ್ ಹೋಗುತ್ತದೆ. ಒತ್ತುವುದು ಕಮ್ಮಿ, ಹಿಗ್ಗುವುದು ಪೂರ್ತಿ.

ಇದಕ್ಕೆ ಬೆಲೆ ತೆರಬೇಕು. ಒಳಗೆ ಗಾಳಿ ಕಮ್ಮಿ, ಹಾಗಾಗಿ ಪಿಕಪ್ ಕಮ್ಮಿ. ಇಂಥ ಎಂಜಿನ್ ಒಂದೇ ಇದ್ದರೆ ಹೆಬ್ಬಾಳ ಫ್ಲೈಓವರ್ ಏರುವಾಗ ಸಿಟ್ಟು ಬರುತ್ತದೆ. ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ಜೋರಾಗಿ ತಳ್ಳುವುದರಿಂದ ಆ ಕೊರತೆ ತುಂಬಿಹೋಗುತ್ತದೆ. 1997ರ ಮೊದಲ ಟೊಯೊಟಾ ಪ್ರಿಯಸ್ ಮಾಡಿದ್ದೂ ಇದನ್ನೇ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನ 2 ಲೀಟರ್ ಎಂಜಿನ್ ಅದೇ ವಂಶದ್ದು. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ 41% ಕೆಲಸಕ್ಕೆ ಬರುತ್ತದೆ ಅಂತ ಟೊಯೊಟಾ ಹೇಳುತ್ತದೆ. ಬಾನೆಟ್ ಎತ್ತಿ ನೋಡಿ: ಆಲ್ಟರ್ನೇಟರ್ ಇಲ್ಲ, ಹಳೇ ತರಹದ ಸ್ಟಾರ್ಟರ್ ಇಲ್ಲ, ಫ್ಯಾನ್ ಬೆಲ್ಟ್ ಇಲ್ಲ. ವಾಟರ್ ಪಂಪು, ಏಸಿ ಕಂಪ್ರೆಸರ್ ಎಲ್ಲ ಕರೆಂಟಿನದು. ಅದಕ್ಕೇ ಸಿಲ್ಕ್ ಬೋರ್ಡ್‌ನಲ್ಲಿ ಎಂಜಿನ್ ಆಫ್ ಆಗಿ ನಿಂತಿದ್ದರೂ ಏಸಿ ತಣ್ಣಗೆ ಬರುತ್ತಿರುತ್ತದೆ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಹೆಚ್ಚುಕಮ್ಮಿ 10% ತೆಳು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಯಾವ ಎಂಜಿನ್ನಿಗಾದರೂ ಅಷ್ಟು ಶಕ್ತಿ ಇಲ್ಲಿ ಕಮ್ಮಿಯೇ. ಮೋಟಾರಿಗೆ ಗಾಳಿಯ ಹಂಗಿಲ್ಲ.

ಟೆಸ್ಟ್ ಡ್ರೈವ್‌ಗೆ ಭಾನುವಾರ ಬೆಳಗ್ಗೆ ಹೋಗಬೇಡಿ. ಸಂಜೆ ಆರು ಗಂಟೆಗೆ, ನೀವು ದಿನಾ ಓಡಾಡುವ ದಾರಿಯಲ್ಲೇ ಓಡಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿಕೊಳ್ಳಿ. ಒಂದು ಫ್ಲೈಓವರ್ ಹತ್ತಿಸಿ, ಜೋರಾಗಿ ಒತ್ತಿ ನೋಡಿ. ಟೊಯೊಟಾ ಹೈಬ್ರಿಡ್‌ನಲ್ಲಿ ಎಂಜಿನ್ ಒಂದೇ ಸಮ ಕೂಗುತ್ತದೆ, ಕಾರು ಆಮೇಲೆ ನಿಧಾನಕ್ಕೆ ವೇಗ ಹಿಡಿಯುತ್ತದೆ. "ಅಣ್ಣಾ, ಕ್ಲಚ್ ಸ್ಲಿಪ್ ಆಗ್ತಿದೆ" ಅಂತ ಎಷ್ಟೋ ಜನ ನನ್ನ ಹತ್ತಿರ ಬಂದಿದ್ದಾರೆ. ಸ್ಲಿಪ್ ಆಗುವುದಕ್ಕೆ ಅದರಲ್ಲಿ ಅಂಥ ಕ್ಲಚ್ಚೇ ಇಲ್ಲ. ಪ್ಲಾನೆಟರಿ ಗೇರ್ ಅನ್ನೋ ಹಲ್ಲುಚಕ್ರಗಳ ಜೋಡಣೆ ಎಂಜಿನ್ ಶಕ್ತಿಯನ್ನು ಚಕ್ರಕ್ಕೂ ಜನರೇಟರಿಗೂ ಹಂಚುತ್ತದೆ, ಎಂಜಿನ್ ತನಗೆ ಲಾಭ ಇರುವ ವೇಗದಲ್ಲಿ ತಿರುಗುತ್ತದೆ. ಹೋಂಡಾ ಸಿಟಿ ಹೈಬ್ರಿಡ್‌ನ ದಾರಿ ಬೇರೆ. ಊರೊಳಗೆ ಎಂಜಿನ್ ಬಹುತೇಕ ಕರೆಂಟು ಮಾಡುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಹೈವೇಯಲ್ಲಿ ಒಂದೇ ವೇಗ ಹಿಡಿದಾಗ ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ನನ್ನ ಕೇಳಿದರೆ ಎರಡೂ ಒಳ್ಳೆಯವೇ. ಸದ್ದು ಯಾರಿಗೆ ಒಗ್ಗುತ್ತೆ, ಯಾರಿಗೆ ಒಗ್ಗಲ್ಲ ಅನ್ನೋದೇ ಮುಖ್ಯ. ವಾರಪೂರ್ತಿ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೇ ಓಡಾಡುವವರಿಗೆ ಮಾತ್ರ ಜಾಸ್ತಿ ದುಡ್ಡು ಕೊಟ್ಟು ಹೈಬ್ರಿಡ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಬ್ರೇಕ್ ಹಿಡಿದಾಗ ಮೋಟಾರೇ ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ಬ್ರೇಕ್ ಹಾಕದೆ ಹೋಗುವ ಕಡೆ ಹಾಗೆ ವಾಪಸ್ ಸಿಗುವ ಕರೆಂಟು ಕಮ್ಮಿ.

ಈಗ ಓಡಿಸುವ ವಿಚಾರ. ಎಂಜಿನ್ ಶುರುವಾಗಲೇಬಾರದು ಅಂತ ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ತೆವಳುವವರಿದ್ದಾರೆ. ಪ್ಲಗ್ ಹಾಕಿ ಚಾರ್ಜ್ ಮಾಡುವ ಕಾರಲ್ಲ ಇದು. ಬ್ಯಾಟರಿಗೆ ಬರುವ ಕರೆಂಟೆಲ್ಲ ಕೊನೆಗೆ ಪೆಟ್ರೋಲಿನಿಂದಲೇ ಬರಬೇಕು, ತುಂಬುವಾಗ ಸ್ವಲ್ಪ ನಷ್ಟ, ತೆಗೆಯುವಾಗ ಸ್ವಲ್ಪ ನಷ್ಟ. ಸಿಗ್ನಲ್ ಬಿಟ್ಟಾಗ ಹದವಾಗಿ ಒತ್ತಿ, ಮೀಟರಿನ ಮುಳ್ಳು ಇಕೋ ಭಾಗದ ಮೇಲ್ತುದಿಯಲ್ಲಿರಲಿ. ಎಂಜಿನ್ ಚೆನ್ನಾಗಿ ದುಡಿಯುವುದು ಅಲ್ಲಿ. ಬೇಕಾದ ವೇಗ ಬಂತಾ, ಕಾಲು ಸಡಿಲ ಮಾಡಿ, ಎಂಜಿನ್ ನಿಲ್ಲುತ್ತದೆ. ಮುಂದೆ ಕೆಂಪು ದೀಪ ಕಂಡರೆ ದೂರದಿಂದಲೇ ಹಗುರವಾಗಿ ಬ್ರೇಕ್ ಹಿಡಿಯಿರಿ. ಕೊನೇ ಗಳಿಗೆಯಲ್ಲಿ ಜೋರಾಗಿ ಒತ್ತಿದರೆ ಪ್ಯಾಡ್ ಸವೆಯುತ್ತದೆ, ಬ್ಯಾಟರಿಗೆ ಸಿಗುವುದು ಕಮ್ಮಿ.

ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಬಿಡಿ. ಟೊಯೊಟಾ ಹೈಬ್ರಿಡ್ ನ್ಯೂಟ್ರಲ್‌ನಲ್ಲಿದ್ದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಏಸಿ ಮಾತ್ರ ಅದನ್ನು ಖಾಲಿ ಮಾಡುತ್ತಿರುತ್ತದೆ. ಗೇರ್ ಲಿವರಿನ 'ಬಿ' ಇರುವುದು ನಂದಿ ಬೆಟ್ಟದಂಥ ಇಳಿಜಾರಿಗೆ. ಸಮತಟ್ಟು ರಸ್ತೆಯಲ್ಲಿ ಸುಮ್ನೆ 'ಡಿ'ಯಲ್ಲಿರಲಿ. ಬೆಳಗ್ಗೆ ಹಾಲು ತರಲು ಪಕ್ಕದ ರಸ್ತೆಗೆ ಇಂಥ ಕಾರು ತೆಗೆಯಬೇಡಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಲು ತಣ್ಣಗಿನ ಎಂಜಿನ್ ಹೇಗೂ ಸ್ವಲ್ಪ ಹೊತ್ತು ಓಡಲೇಬೇಕು, ಆ ಪೆಟ್ರೋಲ್ ದಂಡ.

"ಇನ್ನೂ ಒಳ್ಳೇ ಎಂಜಿನ್ ಬರ್ತಿದೆಯಂತೆ, ಕಾಯಲಾ ಸಾರ್?" ಅಂತ ಓದಿಕೊಂಡ ಹುಡುಗರು ಕೇಳುತ್ತಾರೆ. ಬರುತ್ತಿರುವುದು ನಿಜ. ಪೆಟ್ರೋಲಿನ ಶಕ್ತಿಯಲ್ಲಿ 46.06% ಕೆಲಸಕ್ಕೆ ಬರುವ ಎಂಜಿನ್ ಮಾಡಿದ್ದೇವೆ ಅಂತ ಚೀನಾದ ಕಾರು ಕಂಪನಿ ಬಿವೈಡಿ 2024ರಲ್ಲಿ ಹೇಳಿತು. ನಿಸ್ಸಾನ್ 2021ರಲ್ಲೇ 50% ಮುಟ್ಟುವ ಎಂಜಿನ್ ಬಗ್ಗೆ ಹೇಳಿತ್ತು. ಚಕ್ರದ ಹಂಗು ಬಿಟ್ಟು ಬರೀ ಕರೆಂಟು ಮಾಡಲು ಒಂದೇ ಹದದಲ್ಲಿ ಓಡಲಿ ಅನ್ನೋದು ಅವರ ಲೆಕ್ಕ. ಟೊಯೊಟಾ, ಸುಬಾರು, ಮಾಜ್ದಾ ಮೂವರೂ 2024ರ ಮೇನಲ್ಲಿ ಒಟ್ಟಿಗೆ ಬಂದು ಹೈಬ್ರಿಡ್‌ಗೆಂದೇ ಹೊಸ ಎಂಜಿನ್‌ಗಳ ಯೋಜನೆ ತೋರಿಸಿದರು. ಟೊಯೊಟಾದ್ದು ಗಿಡ್ಡನೆಯ ಎಂಜಿನ್. ಎಂಜಿನ್ ಗಿಡ್ಡ ಆದರೆ ಬಾನೆಟ್ ತಗ್ಗುತ್ತದೆ, ಗಾಳಿಯ ತಡೆಯೂ ಕಮ್ಮಿಯಾಗುತ್ತದೆ. ಆದರೂ ಕಾಯಬೇಡಿ ಅಂತಲೇ ನಾನು ಹೇಳೋದು. 41ರಿಂದ 46ಕ್ಕೆ ಹೋದರೆ ಎಂಜಿನ್ ಅತ್ಯುತ್ತಮ ಸ್ಥಿತಿಯಲ್ಲಿದ್ದಾಗ ಉಳಿಯುವುದು ಹತ್ತರಲ್ಲಿ ಒಂದು ಪಾಲು ಪೆಟ್ರೋಲ್. ಟೈರಿನ ಗಾಳಿ ನೋಡದೆ, ಬ್ರೇಕ್ ಮೇಲೆ ಬ್ರೇಕ್ ಹಾಕಿ ಓಡಿಸುವವರು ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತಾರೆ.

ಮನೆಗೆ ತಂದ ಮೇಲೆ ನೋಡಿಕೊಳ್ಳಬೇಕಾದ್ದು ಕೆಲವೇ. ಎಂಜಿನ್ ಆಯಿಲ್ ಕೈಪಿಡಿಯಲ್ಲಿ ಹೇಳಿದ ಗ್ರೇಡೇ ಇರಲಿ. ಇವಕ್ಕೆ ತೆಳ್ಳನೆಯ ಆಯಿಲ್ ಬೇಕು, ದಪ್ಪನೆಯದು ಹಾಕಿದರೆ ಮೈಲೇಜ್ ಇಳಿಯುತ್ತದೆ. ಕೂಲೆಂಟ್ ಎಂಜಿನ್ನಿಗೂ ಉಂಟು, ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹೊಂದಿಸುವ ಇನ್ವರ್ಟರಿಗೂ ಉಂಟು. ಎರಡಕ್ಕೂ ಬೋರ್‌ವೆಲ್ ನೀರು ಸುರಿಯಬೇಡಿ. ನಮ್ಮೂರಿನ ಬೋರ್ ನೀರಿನ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತದೆ. ಹೈವೋಲ್ಟೇಜ್ ಕರೆಂಟು ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಬಹಳ ಜನ ಮರೆಯುವುದು ಬ್ಯಾಟರಿಗೆ ತಂಪು ಗಾಳಿ ಎಳೆಯುವ ಕಿಂಡಿ. ಅದು ಕಾರಿನ ಒಳಗಡೆಯೇ ಇರುತ್ತದೆ, ನಿಮ್ಮ ಕಾರಿನಲ್ಲಿ ಎಲ್ಲಿದೆ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ಜಯನಗರದ ಮೇಷ್ಟ್ರೊಬ್ಬರು ಮೈಲೇಜ್ ಬಿದ್ದುಹೋಯ್ತು ಅಂತ ಕಾರು ತಂದಿದ್ದರು. ಎಂಜಿನ್ ಸರಿಯಾಗಿಯೇ ಇತ್ತು. ಕಿಂಡಿಯ ಫಿಲ್ಟರ್ ತೆಗೆದರೆ ಮೆಟ್ರೊ ಕೆಲಸದ ಬೂದು ಧೂಳು, ಅದರ ಮೇಲೆ ಅವರ ಮನೆ ನಾಯಿಯ ಕೂದಲು ಕಂಬಳಿಯಾಗಿ ಕೂತಿತ್ತು. ಗಾಳಿ ಹೋಗದೆ ಬ್ಯಾಟರಿ ಬಿಸಿಯಾಗುತ್ತಿತ್ತು, ಬಿಸಿಯಾದ ಬ್ಯಾಟರಿಯನ್ನು ಕಂಪ್ಯೂಟರ್ ಜಾಸ್ತಿ ದುಡಿಸುವುದಿಲ್ಲ, ಆ ಹೊರೆಯೆಲ್ಲ ಎಂಜಿನ್ ಮೇಲೆ ಬೀಳುತ್ತಿತ್ತು. ಸರ್ವೀಸಿಗೆ ಬಿಡುವಾಗ ಈ ಫಿಲ್ಟರ್ ತೆಗೆದು ಸ್ವಚ್ಛ ಮಾಡಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಕಿಂಡಿಯ ಮುಂದೆ ಬ್ಯಾಗು, ಕೊಡೆ, ಬೆಡ್‌ಶೀಟು ಇಡಬೇಡಿ.